ವಿದ್ಯಾಪೀಠವೂ ನೆರೆಕೇರಿಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದ ಕನ್ನಡಿಗರೆಲ್ಲ ಒಂದೆಡೆ ಕೂಡಿರುವ ಈ ಶುಭ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡುವ ಅವಕಾಶವನ್ನು ನಮಗೆ ಕಲ್ಪಿಸಿಕೊಟ್ಟ ಸಂಘಕ್ಕೆ ನಾವು ಕೃತಜ್ಞರಾಗಿದ್ದೇವೆ. ವರುಷಕ್ಕೊಮ್ಮೆ ಸೇರುವ ಇಂತಹ ಸಭೆಗಳಲ್ಲಿ ಕನ್ನಡದ ಹಿರಿಮೆಯನ್ನೂ ಗತವೈಭವವನ್ನೂ ಕೊಂಡಾಡುವುದು ವಾಡಿಕೆ. ಆ ವಾಡಿಕೆಯಲ್ಲಿ ದೋಷವೇನೂ ಇಲ್ಲ. ಆದರೆ ಇಪ್ಪತ್ತು ವರುಷಗಳಿಂದ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಕನ್ನಡವನ್ನು ಬೋಧಿಸುತ್ತ ಬಂದಿರುವ ನಮಗೆ, ಈ ದಿನ ಬೇರೊಂದು ವಿಷಯವನ್ನು ನಿಮ್ಮ ಮುಂದಿಡುವುದು ಕರ್ತವ್ಯವೆಂದು ತೋರಿದೆ. ಹತ್ತನೆಯ ಇಯತ್ತೆಯನ್ನು ಮುಗಿಸಿದ ನಮ್ಮ ಬಡ ಮಕ್ಕಳು ಬಳಿಕ ಏನಾಗುತ್ತಾರೆ? ಕಾಲೇಜಿಗೂ ಬಡವರ ಕೇರಿಗೂ ನಡುವೆ ಇರುವ ಅಂತರವನ್ನು ದಾಟಬೇಕಾದವರು ಯಾರು? ಇದೇ ಆ ವಿಷಯ.

ಮೊದಲು ಒಂದು ಸಣ್ಣ ಸಂಗತಿಯನ್ನು ಅರಿಕೆಮಾಡುತ್ತೇವೆ. ಕೆಲವು ವರುಷಗಳ ಹಿಂದೆ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಓದುತ್ತಿದ್ದಳು. ತಂದೆ ವಿದ್ಯುತ್ ಮಗ್ಗದ ಕಾರಖಾನೆಯಲ್ಲಿ ಟವೆಲು ನೇಯುವ ಕೆಲಸಗಾರ. ತಾಯಿ ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವವಳು. ಚಾಳಿನ ಒಂದೇ ಕೋಣೆಯಲ್ಲಿ ಆರು ಜನರ ವಾಸ. ಹಳಗನ್ನಡದ ಪದ್ಯವನ್ನು ಪದಚ್ಛೇದ ಮಾಡಿ ಅರ್ಥ ಹೇಳುವುದರಲ್ಲಿ ಆಕೆಗೆ ಸಮಾನರಾದವರು ಆ ತರಗತಿಯಲ್ಲಿ ಇರಲಿಲ್ಲ. ಗಣಿತದಲ್ಲಿಯೂ ಆಕೆಯೇ ಮುಂದು. ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಗಳಿಸಿ ಉತ್ತೀರ್ಣಳಾದಳು. ಶಾಲೆಯಲ್ಲಿ ಪೇಢೆ ಹಂಚಿದೆವು, ಬೆನ್ನು ತಟ್ಟಿದೆವು, ನಮ್ಮ ಕೆಲಸ ಮುಗಿಯಿತೆಂದು ಭಾವಿಸಿದೆವು. ಎರಡು ವರುಷಗಳ ತರುವಾಯ ಪೇಟೆಯ ಬಟ್ಟೆಯ ಅಂಗಡಿಯೊಂದರಲ್ಲಿ ಆಕೆ ಸೀರೆಗಳನ್ನು ಮಡಚಿ ಇಡುತ್ತ ನಿಂತಿದ್ದುದನ್ನು ಕಂಡೆವು. ಕಾಲೇಜಿಗೆ ಏಕೆ ಹೋಗಲಿಲ್ಲವೆಂದು ಕೇಳಿದಾಗ ಆಕೆ ತಲೆತಗ್ಗಿಸಿ ಹೇಳಿದ ಮಾತು ಇದು:

“ಸರ, ಶಾಲಿಗೆ ಬರೂವಾಗ ದಿನಾ ಆ ಕಾಲೇಜಿನ ಗೇಟಿನ ಮುಂದನs ಬರತಿದ್ದೆ. ಒಳಗ ಹೋಗಬೇಕಂದ್ರ ಯಾರನ್ನ ಕೇಳಬೇಕು ಅಂತ ನಮ್ಮಪ್ಪಗ ತಿಳೀಲಿಲ್ರಿ. ನಿಮ್ಮನ್ನ ಕೇಳೂಣು ಅಂತ ಶಾಲಿಗೆ ಬಂದಿದ್ವಿರಿ. ಸೂಟಿ ಇತ್ತು, ಬಾಗಿಲಾ ಹಾಕಿತ್ತು.”

ಆಕೆಯ ಮನೆಗೂ ಆ ಕಾಲೇಜಿಗೂ ಇರುವ ದೂರ ಅರ್ಧ ಮೈಲಿಯೂ ಅಲ್ಲ. ಫೀಜಿನ ರಿಯಾಯಿತಿಯೂ ವಿದ್ಯಾರ್ಥಿವೇತನವೂ ಆಕೆಗೆ ದೊರೆಯಬಹುದಾಗಿದ್ದುವು. ಕೊರತೆಯಾದದ್ದು ಹಣವೊಂದೇ ಅಲ್ಲ, ಬುದ್ಧಿಯಂತೂ ಅಲ್ಲ; ಗೇಟಿನ ಹೊರಗಿದ್ದವರಿಗೆ ಒಳಗಿನ ದಾರಿಯನ್ನು ತೋರುವ ಒಬ್ಬ ಮನುಷ್ಯ. ಆ ಮನುಷ್ಯ ಕಾಲೇಜಿನಿಂದ ಬರಲಿಲ್ಲ; ಶಾಲೆಯಲ್ಲಿದ್ದ ನಾವೂ ಬಾಗಿಲು ಹಾಕಿಕೊಂಡು ಹೋಗಿದ್ದೆವು.

ಇದಕ್ಕೆ ಒಂದು ಆಕ್ಷೇಪವನ್ನು ನಾವು ಹಲವರಿಂದ ಕೇಳಿದ್ದೇವೆ. ಬಾಯಾರಿದವನು ಬಾವಿಯ ಬಳಿಗೆ ಬರಬೇಕಲ್ಲದೆ ಬಾವಿಯು ಬಾಯಾರಿದವನ ಬಳಿಗೆ ಹೋಗುವುದುಂಟೆ ಎಂದು ಅವರು ಕೇಳುತ್ತಾರೆ. ಮಾತು ಕೇಳಲು ಸೊಗಸಾಗಿದೆ. ಆದರೆ ನಾವು ವಾಸಿಸುತ್ತಿರುವುದು ಯಾವ ಊರಿನಲ್ಲಿ? ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆಯನ್ನು ಕಟ್ಟಿಸಿದ ಸೊನ್ನಲಿಗೆಯಲ್ಲಿ. ನೀರಿದ್ದಲ್ಲಿಗೆ ನೀವು ಹೋಗಿರೆಂದು ಅವರು ಜನರಿಗೆ ಹೇಳಲಿಲ್ಲ. ಜನರಿದ್ದಲ್ಲಿಗೆ ನೀರನ್ನು ತಂದರು. ವಿದ್ಯೆಯ ವಿಷಯದಲ್ಲಿಯೂ ಹೀಗೆಯೇ ಆಲೋಚಿಸಿದ ಜನರು ಲೋಕದಲ್ಲಿ ಇದ್ದರು. ಅವರ ಕಥೆಯನ್ನು ತಿಳಿದುಕೊಳ್ಳುವುದು ನಮಗೆ ಹಿತಕರ.

ಲಂಡನ್ ನಗರದ ಪೂರ್ವಭಾಗದಲ್ಲಿ ವೈಟ್‌ಚಾಪೆಲ್ ಎಂಬ ಪೇಟೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಇಂಗ್ಲೆಂಡಿನ ಅತ್ಯಂತ ಬಡ ಕೇರಿಗಳಲ್ಲಿ ಒಂದಾಗಿತ್ತು. ಬಂದರಿನ ಹಮಾಲರು, ದಿನಗೂಲಿಯವರು, ಪೂರ್ವ ಯುರೋಪಿನಿಂದ ಓಡಿಬಂದ ಯಹೂದಿ ದರ್ಜಿಗಳು ಅಲ್ಲಿ ಇಕ್ಕಟ್ಟಾದ ಕೋಣೆಗಳಲ್ಲಿ ಬದುಕುತ್ತಿದ್ದರು. 1873ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿ ಅಲ್ಲಿನ ಚರ್ಚಿಗೆ ಬಂದು ನೆಲೆಸಿದನು. ಆತನ ಪತ್ನಿ ಹೆನ್ರಿಯೆಟಾ ಅವನಿಗೆ ಸಮಾನಳಾದ ಸಹಕಾರಿಣಿ. ಹತ್ತು ವರುಷ ಆ ಕೇರಿಯಲ್ಲಿದ್ದು ದಾನಧರ್ಮದ ಮಿತಿಯನ್ನು ಅವರು ಕಣ್ಣಾರೆ ಕಂಡರು. ಶ್ರೀಮಂತರು ಕಳುಹಿಸಿದ ಹಣ ಬರುತ್ತಿತ್ತು, ಶ್ರೀಮಂತರು ಬರುತ್ತಿರಲಿಲ್ಲ. 1883ರಲ್ಲಿ ಬಾರ್ನೆಟ್ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಒಂದು ಪ್ರಬಂಧವನ್ನು ಓದಿ, ವಿಶ್ವವಿದ್ಯಾಲಯದಲ್ಲಿ ಕಲಿತ ತರುಣರು ಬಡವರ ಕೇರಿಯಲ್ಲಿಯೇ ಮನೆ ಮಾಡಿಕೊಂಡು ನೆರೆಯವರಾಗಿ ಬದುಕಬೇಕೆಂದು ಸೂಚಿಸಿದನು. ಹಗಲು ತಮ್ಮ ತಮ್ಮ ಉದ್ಯೋಗಗಳಿಗೆ ಹೋಗಲಿ, ಸಂಜೆ ಕೇರಿಯವರೊಡನೆ ಕಲಿಯಲಿ, ಕಲಿಸಲಿ ಎಂಬುದು ಅವನ ಯೋಜನೆ.

ಮರುವರುಷವೇ ಅದು ಕೈಗೂಡಿತು. 1884ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮೊದಲ ನಿವಾಸಿಗಳು ಆ ಮನೆಯಲ್ಲಿ ಮಲಗಿದರು. ಕಾರ್ಮಿಕರಿಗೆ ಉಪನ್ಯಾಸಗಳನ್ನು ನೀಡುತ್ತ, ಹಿಂದಿನ ವರುಷವಷ್ಟೇ ಮೂವತ್ತರ ಪ್ರಾಯದಲ್ಲಿ ತೀರಿಕೊಂಡಿದ್ದ ಆಕ್ಸ್‌ಫರ್ಡಿನ ಅಧ್ಯಾಪಕ ಆರ್ನಲ್ಡ್ ಟಾಯ್ನ್‌ಬಿಯ ಸ್ಮರಣಾರ್ಥವಾಗಿ ಅದಕ್ಕೆ ಟಾಯ್ನ್‌ಬಿ ಹಾಲ್ ಎಂದು ಹೆಸರಿಟ್ಟರು. ಜಗತ್ತಿನ ಚರಿತ್ರೆಯನ್ನು ಬರೆದ ಟಾಯ್ನ್‌ಬಿ ಬೇರೆ. ಅವನಿಗೆ ಈತನು ದೊಡ್ಡಪ್ಪ ಚಿಕ್ಕಪ್ಪಂದಿರಲ್ಲಿ ಒಬ್ಬ. ಬಾರ್ನೆಟ್ 1906ರವರೆಗೆ, ಇಪ್ಪತ್ತೆರಡು ವರುಷಗಳ ಕಾಲ, ಆ ಸಂಸ್ಥೆಯ ಮುಖ್ಯಸ್ಥನಾಗಿದ್ದನು. ಸಂಜೆಯ ತರಗತಿಗಳು, ಪುಸ್ತಕ ಭಂಡಾರ, ಚರ್ಚಾಕೂಟ, ಚಿತ್ರಪ್ರದರ್ಶನ ಎಲ್ಲವೂ ಅಲ್ಲಿ ನಡೆದುವು. ಆ ಪ್ರದರ್ಶನಗಳಿಂದಲೇ ಬೆಳೆದ ವೈಟ್‌ಚಾಪೆಲ್ ಚಿತ್ರಶಾಲೆ 1901ರಲ್ಲಿ ತೆರೆದು ಇಂದಿಗೂ ನಿಂತಿದೆ.

ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಆ ಮನೆಯಲ್ಲಿ ಕಲಿತವರು ಕೇರಿಯವರು ಮಾತ್ರವಲ್ಲ. ವಿಲಿಯಂ ಬೆವರಿಜ್ ಎಂಬ ತರುಣ 1903ರಲ್ಲಿ ಅಲ್ಲಿಗೆ ಬಂದು, ನಿರುದ್ಯೋಗವೆಂದರೆ ಏನೆಂಬುದನ್ನು ನೆರೆಯಲ್ಲಿ ಕಂಡು ಅಭ್ಯಾಸ ಮಾಡಿದನು. 1942ರಲ್ಲಿ ಬ್ರಿಟನ್ನಿನ ಸಾಮಾಜಿಕ ವಿಮೆಗೆ ತಳಹದಿಯಾದ ವರದಿಯನ್ನು ಬರೆದವನು ಅವನೇ. 1910ರಲ್ಲಿ ಅಲ್ಲಿ ಕಾರ್ಯದರ್ಶಿಯಾಗಿ ಕೆಲಕಾಲ ದುಡಿದ ಇನ್ನೊಬ್ಬ ತರುಣ ಕ್ಲೆಮೆಂಟ್ ಆಟ್ಲಿ. 1947ರಲ್ಲಿ ಭಾರತವು ಸ್ವತಂತ್ರವಾದಾಗ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದ ಆಟ್ಲಿಯೇ ಆತ. ಕಾಲೇಜು ಕೇರಿಗೆ ಹೋದರೆ ಕೇರಿಗೆ ಎಷ್ಟು ಲಾಭವೋ ಕಾಲೇಜಿಗೂ ಅಷ್ಟೇ ಲಾಭ. ಉಪಕಾರ ಮಾಡುತ್ತೇವೆಂದು ಹೋದವರು ಉಪಕೃತರಾಗಿ ಮರಳುತ್ತಾರೆ.

ಅದೇ ಕಾಲದಲ್ಲಿ ಅದೇ ಬಳಗದಿಂದ ಇನ್ನೊಂದು ಕಾರ್ಯವೂ ಹೊರಟಿತು. ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಎಂಬ ಗುಮಾಸ್ತನು 1903ರಲ್ಲಿ ಕಾರ್ಮಿಕರ ಶಿಕ್ಷಣ ಸಂಘವನ್ನು ಸ್ಥಾಪಿಸಿದನು. ಹಿಂದೆ ಟಾಯ್ನ್‌ಬಿ ಹಾಲಿನ ನಿವಾಸಿಯಾಗಿದ್ದ ಆರ್. ಎಚ್. ಟಾನಿ ಎಂಬ ಅರ್ಥಶಾಸ್ತ್ರಜ್ಞನು 1908ರಲ್ಲಿ ರಾಚ್‌ಡೇಲ್ ಎಂಬ ಜವಳಿ ಗಿರಣಿಗಳ ಊರಿನಲ್ಲಿಯೂ, ಲಾಂಗ್‌ಟನ್ ಎಂಬ ಕುಂಬಾರಿಕೆಯ ಊರಿನಲ್ಲಿಯೂ ವಿಶ್ವವಿದ್ಯಾಲಯದ ಮಟ್ಟದ ತರಗತಿಗಳನ್ನು ಆರಂಭಿಸಿದನು. ವಾರಕ್ಕೊಂದು ಸಂಜೆ, ಎರಡು ತಾಸು. ಒಂದು ತಾಸು ಪಾಠ, ಒಂದು ತಾಸು ಚರ್ಚೆ. ಹೀಗೆ ಮೂರು ವರುಷ. ಗಿರಣಿಯ ಕೆಲಸಗಾರನು ದಿನವಿಡೀ ದುಡಿದು ಬಂದು ಪ್ರಬಂಧಗಳನ್ನು ಬರೆದು ಒಪ್ಪಿಸಬೇಕು. ನೋಡಿರಿ, ಮೂರು ದಿನದ ಶಿಬಿರವಲ್ಲ, ಮೂರು ವರುಷದ ಮಾತುಕೊಟ್ಟ ಅಭ್ಯಾಸ. ಬಡವರಿಗೆ ಸುಲಭವಾದದ್ದನ್ನು ಕೊಡಬೇಕೆಂದು ಟಾನಿ ತಿಳಿಯಲಿಲ್ಲ. ಉತ್ತಮವಾದದ್ದನ್ನು ಕೊಡಬೇಕೆಂದು ತಿಳಿದನು.

ಟಾಯ್ನ್‌ಬಿ ಹಾಲನ್ನು ನೋಡಿಹೋದವರಲ್ಲಿ ಅಮೆರಿಕದ ಜೇನ್ ಆಡಮ್ಸ್ ಎಂಬ ಮಹಿಳೆಯೂ ಒಬ್ಬಳು. 1889ರಲ್ಲಿ ತನ್ನ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಎಂಬಾಕೆಯೊಡನೆ ಶಿಕಾಗೋ ನಗರದ ಬಡ ವಲಸೆಗಾರರ ಕೇರಿಯಲ್ಲಿ ಹಲ್ ಹೌಸ್ ಎಂಬ ನಿವಾಸವನ್ನು ಆಕೆ ತೆರೆದಳು. ನೇಕಾರರ ಊರಿನವರಾದ ನಾವು ಆ ಮನೆಯ ಒಂದು ಪ್ರಯೋಗವನ್ನು ಮರೆಯಬಾರದು. ಇಟಲಿ ಮೊದಲಾದ ದೇಶಗಳಿಂದ ಬಂದ ತಾಯಂದಿರಿಗೆ ಇಂಗ್ಲಿಷ್ ಬಾರದು. ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮಕ್ಕಳು ತಾಯಿಯ ಉಡುಪಿಗೂ ಮಾತಿಗೂ ನಾಚಿಕೊಳ್ಳತೊಡಗಿದರು. ಜೇನ್ ಆಡಮ್ಸ್ ಇದನ್ನು ಕಂಡು 1900ರಲ್ಲಿ ಕಾಯಕದ ವಸ್ತುಸಂಗ್ರಹಾಲಯವೊಂದನ್ನು ತೆರೆದಳು. ಆ ತಾಯಂದಿರು ಅಲ್ಲಿ ತಮ್ಮ ನಾಡಿನ ಕದಿರಿನಲ್ಲಿ ನೂಲು ತೆಗೆದು, ಮಗ್ಗದಲ್ಲಿ ನೇಯ್ದು ತೋರಿಸಿದರು. ನೋಡಲು ಬಂದ ವಿದ್ಯಾವಂತರು ಬೆರಗಾಗಿ ಹೊಗಳುವುದನ್ನು ಮಕ್ಕಳು ಕಂಡರು. ತಾಯಿ ಅಜ್ಞಾನಿಯಲ್ಲ, ಬೇರೊಂದು ವಿದ್ಯೆಯನ್ನು ಬಲ್ಲವಳು ಎಂಬುದು ಅವರಿಗೆ ತಿಳಿಯಿತು. 1931ರಲ್ಲಿ ಈಕೆಗೆ ನೊಬೆಲ್ ಶಾಂತಿ ಪಾರಿತೋಷಕವು ಲಭಿಸಿತು.

ಈ ದೀಪವು ನಮ್ಮ ಹಿಂದಿನ ಮುಂಬಯಿ ಪ್ರಾಂತಕ್ಕೂ ಬಾರದೆ ಇರಲಿಲ್ಲ. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಪಾದ್ರಿ 1920ರ ದಶಕದಲ್ಲಿ ಮುಂಬಯಿಯ ನಾಗಪಾಡಾದ ಬಡ ಕೇರಿಯಲ್ಲಿ ನೆರೆಮನೆ ಎಂಬರ್ಥದ ಹೆಸರಿನ ಒಂದು ಕೇಂದ್ರವನ್ನು ಸ್ಥಾಪಿಸಿದನು. 1936ರಲ್ಲಿ ಸಮಾಜಸೇವೆಯನ್ನು ಕಲಿಸುವ ನಮ್ಮ ದೇಶದ ಮೊದಲ ಉಚ್ಚ ವಿದ್ಯಾಲಯವು ಟಾಟಾ ದತ್ತಿಯ ನೆರವಿನಿಂದ ಆರಂಭವಾದದ್ದು ಆ ಕೇರಿಯಲ್ಲಿಯೇ. ಇಂದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾಗಿರುವುದು ಅದೇ. ಕೇರಿಯಿಂದ ವಿದ್ಯಾಲಯವು ಹುಟ್ಟಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಮುಂದಿನ ಹೆಜ್ಜೆಯನ್ನು ಸರಕಾರಗಳು ಇಟ್ಟುವು. ಅಮೆರಿಕದಲ್ಲಿ 1965ರಲ್ಲಿ ಅಪ್‌ವರ್ಡ್ ಬೌಂಡ್ ಎಂಬ ಯೋಜನೆಯು ಆರಂಭವಾಯಿತು. ಬಡ ಮನೆಯ, ಇಲ್ಲವೆ ತಂದೆತಾಯಿಗಳು ಪದವಿ ಪಡೆಯದ ಮನೆಯ ಪ್ರೌಢಶಾಲಾ ಮಕ್ಕಳನ್ನು ಆಯ್ದು, ಶಾಲೆಯ ದಿನಗಳಲ್ಲಿ ಬಿಡುವಿನ ವೇಳೆ ಪಾಠ ಹೇಳುವುದು. ಬೇಸಗೆಯ ಸೂಟಿಯಲ್ಲಿ ಕೆಲವು ವಾರ ಕಾಲೇಜಿನ ವಸತಿಗೃಹದಲ್ಲಿಯೇ ಇರಿಸಿಕೊಂಡು ಕಲಿಸುವುದು. ಅರ್ಜಿ ತುಂಬುವಲ್ಲಿ, ವಿದ್ಯಾರ್ಥಿವೇತನ ಕೇಳುವಲ್ಲಿ ಕೈಹಿಡಿದು ನಡೆಸುವುದು ಅದರ ಕ್ರಮ. ಬೇಸಗೆಯ ಸೂಟಿಯಲ್ಲಿ ನಮ್ಮ ಶಾಲೆಯ ಬಾಗಿಲು ಹಾಕಿತ್ತು. ಅಲ್ಲಿ ಅದೇ ಸೂಟಿಯಲ್ಲಿ ಕಾಲೇಜಿನ ಬಾಗಿಲು ತೆರೆಯಿತು. ಆ ಯೋಜನೆಯ ಫಲವನ್ನು ಪಂಡಿತರು ದೀರ್ಘಕಾಲ ಪರೀಕ್ಷಿಸಿದರು. ಎಲ್ಲ ಮಕ್ಕಳನ್ನೂ ಒಟ್ಟಾಗಿ ಎಣಿಸಿದರೆ ಫಲವು ಅಲ್ಪವೆಂದೂ, ಉಚ್ಚ ಶಿಕ್ಷಣದ ಆಸೆಯನ್ನೇ ಅಷ್ಟಾಗಿ ಇರಿಸಿಕೊಳ್ಳದಿದ್ದ ಮಕ್ಕಳಲ್ಲಿ ಅದು ಎದ್ದು ಕಾಣುವಷ್ಟು ಇದ್ದಿತೆಂದೂ ಅವರು ಕಂಡುಕೊಂಡರು. ಇದು ನಮ್ಮ ಕಣ್ಣು ತೆರೆಸಬೇಕಾದ ಮಾತು. ನಾವು ಸಾಮಾನ್ಯವಾಗಿ ಮೊದಲ ಸ್ಥಾನ ಪಡೆದವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಹೇಗೂ ಓದುವ ಹುಡುಗನಿಗೆ ಅದು ಸಂತೋಷ. ಆದರೆ ಕೈಹಿಡಿಯಬೇಕಾದದ್ದು ಕೊನೆಯ ಸಾಲಿನಲ್ಲಿ ಕುಳಿತು, ಓದು ನಮ್ಮಂಥವರಿಗಲ್ಲವೆಂದು ನಿರ್ಧರಿಸಿಬಿಟ್ಟವನನ್ನು.

ನಮ್ಮ ದೇಶದಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ವರುಷವಾದ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. ಅದಕ್ಕೆ ಸೇರಿದ ವಿದ್ಯಾರ್ಥಿ ವರುಷಕ್ಕೆ 120 ತಾಸಿನಂತೆ ಎರಡು ವರುಷಗಳಲ್ಲಿ 240 ತಾಸು ಸೇವೆ ಸಲ್ಲಿಸಬೇಕು. ಏಳು ದಿನಗಳ ಶಿಬಿರವೂ ಉಂಟು. ಹಳ್ಳಿಗಳಂತೆಯೇ ನಗರದ ಬಡ ಕೇರಿಗಳನ್ನೂ ಕಾಲೇಜು ದತ್ತು ತೆಗೆದುಕೊಳ್ಳಬಹುದು. ಯೋಜನೆಯು ಸ್ತುತ್ಯವೇ. ಆದರೆ ಶಿಬಿರದ ಲಾರಿಯು ಇಪ್ಪತ್ತು ಮೈಲು ದೂರದ ಹಳ್ಳಿಗೆ ಹೋಗುವಾಗ ಕಾಲೇಜಿನ ಹಿಂಗೋಡೆಗೆ ತಾಗಿದ ಚಾಳನ್ನು ದಾಟಿಯೇ ಹೋಗುತ್ತದೆ. ರಸ್ತೆ ಗುಡಿಸಿ, ಗಿಡ ನೆಟ್ಟು, ಛಾಯಾಚಿತ್ರ ತೆಗೆಯಿಸಿಕೊಂಡು ಮರಳಿದರೆ ತಾಸುಗಳ ಲೆಕ್ಕ ತುಂಬುತ್ತದೆ. ಅದೇ 120 ತಾಸುಗಳನ್ನು ವಾರಕ್ಕೆ ಮೂರು ತಾಸಿನಂತೆ ಹಂಚಿದರೆ ಒಬ್ಬ ವಿದ್ಯಾರ್ಥಿ ನಲವತ್ತು ವಾರ, ಅಂದರೆ ಶಾಲೆಯ ವರುಷವಿಡೀ, ಒಂದೇ ಗಲ್ಲಿಯ ನಾಲ್ಕು ಮಕ್ಕಳ ಪಕ್ಕದಲ್ಲಿ ಕುಳಿತಿರಬಲ್ಲನು. ಲೆಕ್ಕ ಅದೇ, ಫಲ ಬೇರೆ.

ಇನ್ನು ನಮ್ಮ ಕನ್ನಡ ಮಕ್ಕಳ ವಿಶೇಷ ಕಷ್ಟ. ನಮ್ಮ ಊರು ಬಹುಭಾಷೆಗಳ ಊರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೆರೆಯ ಚಾಳಿನಲ್ಲಿ ತೆಲುಗು, ಉರ್ದು. 1877ರಲ್ಲಿ ಇಲ್ಲಿ ಮೊದಲ ದೊಡ್ಡ ಗಿರಣಿ ಎದ್ದಂದಿನಿಂದ ದುಡಿಯಲು ಬಂದ ಜನರ ಮೊಮ್ಮಕ್ಕಳು, ಮರಿಮಕ್ಕಳು ಈ ಪೇಠೆಗಳಲ್ಲಿ ಇದ್ದಾರೆ. ಆ ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದುವು. 2004ರಲ್ಲಿ ಊರಿಗೆ ಸ್ವಂತ ವಿಶ್ವವಿದ್ಯಾಲಯವೇ ಬಂದಿತು. ಆದರೆ ಕನ್ನಡ ಮಾಧ್ಯಮದಲ್ಲಿ ಹತ್ತು ವರುಷ ಓದಿದ ಮಗು ಹನ್ನೊಂದನೆಯ ಇಯತ್ತೆಗೆ ಹೋದ ದಿನವೇ ಮೂಕವಾಗುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ದಾರಿ ಬದಲಿಸುವುದನ್ನು ಕನ್ನಡದಲ್ಲಿ ವಕ್ರೀಭವನವೆನ್ನುತ್ತೇವೆ. ಮರಾಠಿಯಲ್ಲಿ ಅದು ಅಪವರ್ತನ, ಇಂಗ್ಲಿಷಿನಲ್ಲಿ ರಿಫ್ರ್ಯಾಕ್ಷನ್. ಮಗುವಿಗೆ ವಿಷಯ ತಿಳಿದಿದೆ, ಹೆಸರು ತಿಳಿಯದು. ತನಗೆ ಏನೂ ಬಾರದೆಂದು ಅದು ನಂಬಿಬಿಡುತ್ತದೆ. ಕಲಿಸುವವರೂ ಹಾಗೆಯೇ ನಂಬುತ್ತಾರೆ.

ನೀರಿನಲ್ಲಿ ಅರ್ಧ ಮುಳುಗಿಸಿದ ಕೋಲು ಮುರಿದಂತೆ ತೋರುವುದನ್ನು ನೀವೆಲ್ಲ ಕಂಡಿದ್ದೀರಿ. ಕೋಲು ಮುರಿದಿರುವುದಿಲ್ಲ; ಮಾಧ್ಯಮ ಬದಲಾದುದರಿಂದ ಹಾಗೆ ತೋರುತ್ತದೆ. ನಮ್ಮ ಮಕ್ಕಳ ಕಥೆಯೂ ಇಷ್ಟೇ. ಅವರನ್ನು ನೆಟ್ಟಗೆ ಮಾಡುವ ಅವಶ್ಯಕತೆಯಿಲ್ಲ, ಅವರು ನೆಟ್ಟಗೆಯೇ ಇದ್ದಾರೆ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಇಳಿಯುವ ಮೆಟ್ಟಿಲನ್ನು ಕಟ್ಟಿಕೊಡಬೇಕು. ಅದನ್ನು ಕಟ್ಟಬಲ್ಲವರು ಯಾರು? ಅದೇ ಗಲ್ಲಿಯಿಂದ ಹೋಗಿ, ಅದೇ ತೊಡಕಿನಲ್ಲಿ ಸಿಲುಕಿ, ಹೇಗೋ ದಾಟಿ ಇಂದು ಕಾಲೇಜಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು. ಬಾರ್ನೆಟ್‌ನ ತರುಣರು ಆಕ್ಸ್‌ಫರ್ಡಿನಿಂದ ಬಂದು ನೆರೆಯವರಾಗಬೇಕಾಯಿತು. ನಮ್ಮ ತರುಣರು ಹುಟ್ಟಿನಿಂದಲೇ ನೆರೆಯವರು.

ಆದುದರಿಂದ ಸಂಘದ ಮುಂದೆ ನಾಲ್ಕು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ.

ಮೊದಲನೆಯದು, ವಾರಕ್ಕೆ ಎರಡು ಸಂಜೆ ಸಂಘದ ಕೋಣೆಯನ್ನು ಎಂಟನೆಯಿಂದ ಹನ್ನೆರಡನೆಯ ಇಯತ್ತೆಯವರೆಗಿನ ಮಕ್ಕಳಿಗೆ ತೆರೆದಿಡಬೇಕು. ಒಂದು ಕೋಣೆಯಲ್ಲಿ ಆರು ಜನ ಬದುಕುವ ಮನೆಯ ಮಗುವಿಗೆ ದೀಪವೂ ಮೌನವೂ ಇರುವ ಸ್ಥಳವೇ ಅರ್ಧ ವಿದ್ಯೆ. ಕಾಲೇಜಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲಿ ಕುಳಿತು, ಮೊದಲು ಕನ್ನಡದಲ್ಲಿ, ಬಳಿಕ ಮರಾಠಿ ಇಂಗ್ಲಿಷುಗಳಲ್ಲಿ ಪಾಠವನ್ನು ಬಿಡಿಸಿ ಹೇಳಲಿ. ಈ ಸೇವೆಯನ್ನು ರಾಷ್ಟ್ರೀಯ ಸೇವಾ ಯೋಜನೆಯ ತಾಸುಗಳಲ್ಲಿ ಎಣಿಸಿಕೊಳ್ಳುವಂತೆ ಕಾಲೇಜುಗಳ ಪ್ರಾಚಾರ್ಯರನ್ನು ಸಂಘವು ಪ್ರಾರ್ಥಿಸಲಿ.

ಎರಡನೆಯದು, ವಿಜ್ಞಾನ, ಗಣಿತ, ವಾಣಿಜ್ಯ ವಿಷಯಗಳ ಪರಿಭಾಷೆಯನ್ನು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲಿಯೂ ಸಾಲಾಗಿ ಕೊಡುವ ಒಂದು ಚಿಕ್ಕ ಕೋಶವನ್ನು ಸಿದ್ಧಪಡಿಸಬೇಕು. ಈ ಕೆಲಸಕ್ಕೆ ನಾವು ನಮ್ಮ ಮುಂದಿನ ಬೇಸಗೆಯ ಸೂಟಿಯನ್ನು ಒಪ್ಪಿಸುತ್ತೇವೆ.

ಮೂರನೆಯದು, ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ವಾರ ಶಿಕ್ಷಕರೂ ಕಾಲೇಜಿನ ತರುಣರೂ ಜೊತೆಗೂಡಿ ಮನೆಮನೆಗೆ ಹೋಗಬೇಕು. ಪಾಸಾದವರ ಮನೆಗೆ ಹೋದಂತೆಯೇ ನಪಾಸಾದವರ ಮನೆಗೂ ಹೋಗಬೇಕು. ಯಾವ ಅರ್ಜಿ, ಯಾವ ದಾಖಲೆ, ಎಷ್ಟು ಫೀಜು, ಎಷ್ಟು ರಿಯಾಯಿತಿ ಎಂಬುದನ್ನು ತಂದೆತಾಯಿಗಳಿಗೆ ಕನ್ನಡದಲ್ಲಿ, ಅವರ ಕಟ್ಟೆಯ ಮೇಲೆ ಕುಳಿತು ಹೇಳಬೇಕು. ತಾಯಂದಿರು ಬೀಡಿಯ ಮೊರವನ್ನು ಬಿಟ್ಟು ಕಚೇರಿಗೆ ಬರಲಾರರು. ಅರ್ಧ ದಿನ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ.

ನಾಲ್ಕನೆಯದು, ಆ ತಂದೆತಾಯಿಗಳನ್ನು ಕೇವಲ ಕೇಳುವವರನ್ನಾಗಿ ಕೂರಿಸಬಾರದು. ಮಗ್ಗದ ಗಣಿತವನ್ನು, ಹಾಸುಹೊಕ್ಕುಗಳ ಎಣಿಕೆಯನ್ನು ನಮ್ಮ ನೇಕಾರನು ಕಾಲೇಜಿನ ತರುಣನಿಗೆ ಕಲಿಸಬಲ್ಲನು. ಅವನು ಕಲಿಸುವುದನ್ನು ಅವನ ಮಗಳು ನೋಡಲಿ. ಹಲ್ ಹೌಸಿನ ತಾಯಂದಿರಿಗೆ ದೊರೆತ ಗೌರವ ನಮ್ಮ ಚಾಳಿನ ತಾಯಿತಂದೆಗಳಿಗೂ ದೊರೆಯಲಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಧನ ಬೇಡ. ಬೇಕಾದದ್ದು ನಿಯಮ. ಒಂದು ತಿಂಗಳು ನಡೆದು ನಿಂತುಹೋಗುವ ತರಗತಿಯು ಆರಂಭವಾಗದಿರುವುದೇ ಲೇಸು. ಏಕೆಂದರೆ ಬಡವರ ಮಕ್ಕಳು ಈಗಾಗಲೇ ಸಾಕಷ್ಟು ಬಾರಿ ಕೈಬಿಡಲ್ಪಟ್ಟಿದ್ದಾರೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿದೆಯೆಂದು ನಾವೆಲ್ಲ ಕೊರಗುತ್ತೇವೆ. ಕನ್ನಡದಲ್ಲಿ ಓದಿದವನಿಗೆ ಮುಂದೆ ದಾರಿಯಿದೆಯೆಂದು ನೆರೆಯವನ ಮಗನನ್ನು ನೋಡಿ ತಂದೆಗೆ ತೋರಿದರೆ ಮಾತ್ರ ಅವನು ತನ್ನ ಮಗುವನ್ನು ಕನ್ನಡ ಶಾಲೆಗೆ ಕಳುಹಿಸುವನು. ಅಭಿಮಾನದ ಭಾಷಣಗಳು ಆ ಕೆಲಸವನ್ನು ಮಾಡಲಾರವು. ನಾವು ಈಗ ಮಾಡುತ್ತಿರುವ ಭಾಷಣವೂ ಮಾಡಲಾರದು.

ಆ ಹುಡುಗಿಯ ವಿಷಯವನ್ನು ಹೇಳಿ ಮುಗಿಸುತ್ತೇವೆ. ಆಕೆಗೆ ಹೊರಗಿನಿಂದ ಪರೀಕ್ಷೆಗೆ ಕೂಡಲು ಸಾಧ್ಯವೆಂದು ತಿಳಿಸಿ, ಅರ್ಜಿಯನ್ನು ತುಂಬಿಕೊಟ್ಟೆವು. ಹಗಲು ಅಂಗಡಿ, ರಾತ್ರಿ ಪುಸ್ತಕ. ಹನ್ನೆರಡನೆಯ ಇಯತ್ತೆಯನ್ನು ಎರಡನೆಯ ಪ್ರಯತ್ನದಲ್ಲಿ ದಾಟಿದ್ದಾಳೆ. ಕಳೆದುಹೋದ ಆ ವರುಷಗಳನ್ನು ನಾವು ಆಕೆಗೆ ಮರಳಿ ಕೊಡಲಾರೆವು. ಆದರೆ ಸಂಜೆಯ ತರಗತಿ ಆರಂಭವಾಗುವುದಾದರೆ ಮೊದಲ ದಿನವೇ ಬಂದು ಚಿಕ್ಕವರಿಗೆ ಗಣಿತ ಹೇಳಿಕೊಡುವೆನೆಂದು ಆಕೆ ನಮಗೆ ಮಾತು ಕೊಟ್ಟಿದ್ದಾಳೆ. ಕಲಿಸುವವಳು ಸಿದ್ಧಳಿದ್ದಾಳೆ. ಕೋಣೆಯ ಬೀಗದ ಕೈ ಸಂಘದ ಕಾರ್ಯದರ್ಶಿಗಳ ಬಳಿ ಇದೆ.